ಮುನ್ನೂರಾರು ಮಿಲಿಮೀಟರ್

ಅಚ್ಚು ಗಟ್ಟಿಯಾಗಲೆಂದು ಕಾಕಂಬಿ ಬೆರೆಸಿದ ಎರಕದ ಮರಳನ್ನು ಬೆಂಕಿಯಲ್ಲಿ ಕಾಯಿಸಿದರೆ ಬೆಲ್ಲ ಸೀದ ವಾಸನೆ ಬರುತ್ತದೆ. ಬರೀ ಬೆಲ್ಲದ್ದಲ್ಲ, ಅದರ ಹಿಂದೆ ಸ್ವಲ್ಪ ಮಣ್ಣು, ಸ್ವಲ್ಪ ಬಿಸಿ ಕಬ್ಬಿಣ. ಅಪ್ಪ ಎಂದರೆ ಪ್ರಿಯದರ್ಶಿನಿಗೆ ಮೊದಲು ನೆನಪಾಗುತ್ತಿದ್ದದ್ದು ಆ ವಾಸನೆ. ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಅವಳು ಚಿಕ್ಕವಳಿದ್ದಾಗ, ಸಂಜೆ ಸೈಕಲ್ ಗೋಡೆಗೆ ಒರಗಿದ ಸದ್ದಾದರೆ ಸಾಕು, ಓಡಿಹೋಗಿ ಅಪ್ಪನ ಅಂಗಿಗೆ ಮುಖ ಒತ್ತುತ್ತಿದ್ದಳು. ಅಮ್ಮ ಬಂಗಾರಮ್ಮ ಒಳಗಿನಿಂದಲೇ, ಮೊದಲು ಆ ಅಂಗಿ ಬಿಚ್ಚಿ ಬೇರೆ ಬಕೀಟಿಗೆ ಹಾಕಿ ಎಂದು ಕೂಗುತ್ತಿದ್ದರು. ಅಪ್ಪ ಮಗಳು ಇಬ್ಬರೂ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ.

ಧರ್ಮಪ್ಪ ಎರಕದ ವಿಭಾಗದಲ್ಲಿ ಮರಗೆಲಸದವರು. ಕಬ್ಬಿಣದ ಕಾರ್ಖಾನೆಯಲ್ಲಿ ಮರಗೆಲಸವೇ ಎಂದು ಕೇಳಿದವರಿಗೆಲ್ಲ ಅವರು ಸಮಾಧಾನವಾಗಿ ವಿವರಿಸುತ್ತಿದ್ದರು. ಯಾವ ಉಕ್ಕಿನ ಚಕ್ರವಾಗಲಿ, ಪಂಪಿನ ಹೊಟ್ಟೆಯಾಗಲಿ, ಮೊದಲು ಮರದಲ್ಲಿ ಹುಟ್ಟಬೇಕು. ಆ ಮರದ ರೂಪವನ್ನು ಮರಳಿನಲ್ಲಿ ಒತ್ತಿ ತೆಗೆದರೆ ಅದರ ಗುಳಿ ಉಳಿಯುತ್ತದೆ, ಆ ಗುಳಿಗೆ ಕರಗಿದ ಉಕ್ಕು ಹೊಯ್ಯುತ್ತಾರೆ. ಕಾರ್ಖಾನೆಯವರ ಬಾಯಲ್ಲಿ ಆ ಮರದ ರೂಪಕ್ಕೆ ಪ್ಯಾಟರ್ನ್ ಎಂದು ಹೆಸರು. ಮೂವತ್ತೊಂದು ವರ್ಷ ಧರ್ಮಪ್ಪ ಪ್ಯಾಟರ್ನ್ ಮಾಡಿದರು. ಅವರು ಮಾಡಿದ್ದು ಒಂದೂ ಅಳತೆ ತಪ್ಪಿತೆಂದು ವಾಪಸ್ ಬಂದದ್ದಿಲ್ಲ. ಹೆಚ್ಚು ಮಾತಾಡದ ಮನುಷ್ಯ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದದ್ದು ಆ ಒಂದು ಮಾತು.

ಅವರ ಸಾಮಾನಿನ ಪೆಟ್ಟಿಗೆಯಲ್ಲಿ ಉಳಿ, ಮರ ಹೆರೆಯುವ ತೋಪಡಗಳ ಜೊತೆ ಒಂದು ಅಡಿ ಉದ್ದದ ಉಕ್ಕಿನ ಸ್ಕೇಲು ಇರುತ್ತಿತ್ತು. ಮೂರನೇ ಕ್ಲಾಸಿನಲ್ಲಿದ್ದಾಗ ಪ್ರಿಯದರ್ಶಿನಿ ಲೆಕ್ಕದ ಪುಸ್ತಕಕ್ಕೆ ಗೆರೆ ಹಾಕಲು ಅದನ್ನು ಎತ್ತಿಕೊಂಡಳು. ಎಂದೂ ಗದರದ ಅಪ್ಪ ಅವತ್ತು ಅದನ್ನು ಕೈಯಿಂದ ಕಿತ್ತುಕೊಂಡು, ಇದು ನಿನ್ನ ಲೆಕ್ಕಕ್ಕೆ ಬರೋದಲ್ಲ ಪುಟ್ಟಿ ಎಂದಿದ್ದರು. ಬೆಲೆಬಾಳುವ ವಸ್ತು ಇರಬೇಕು ಎಂದುಕೊಂಡು ಅವಳು ಮತ್ತೆ ಆ ಪೆಟ್ಟಿಗೆಗೆ ಕೈ ಹಾಕಲಿಲ್ಲ.

ಎರಡು ಸಾವಿರನೇ ಇಸವಿಯಲ್ಲಿ ಧರ್ಮಪ್ಪ ನಿವೃತ್ತರಾದರು. ಕ್ವಾರ್ಟರ್ಸ್ ಬಿಟ್ಟು ಓಲ್ಡ್ ಟೌನಿನಲ್ಲಿ ಬಾಡಿಗೆ ಮನೆ ಹಿಡಿದರು. ಸಾಮಾನಿನ ಪೆಟ್ಟಿಗೆ ಮಂಚದ ಕೆಳಗೆ ಸೇರಿತು. ಅಪ್ಪನ ಅಂಗಿಗಳಿಗೆ ಈಗ ಬರೀ ಸೋಪಿನ ವಾಸನೆ. ಬೆಳಗ್ಗೆ ಪೇಪರು ಓದಿ ಮುಗಿಸಿದ ಮೇಲೆ ಏನು ಮಾಡಬೇಕೆಂದು ತೋಚದೆ, ಅವರು ಓದಿದ ಪೇಪರನ್ನೇ ಅಂಚಿಗೆ ಅಂಚು ಸೇರಿಸಿ ಮಡಿಸುತ್ತ ಕೂರುವುದನ್ನು ನೋಡಿದರೆ ಪ್ರಿಯದರ್ಶಿನಿಗೆ ಸಂಕಟವಾಗುತ್ತಿತ್ತು.

ಅವಳಾಗ ಶಿವಮೊಗ್ಗದಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದುತ್ತಿದ್ದಳು. ದಿನಾ ಬೆಳಗ್ಗೆ ಭದ್ರಾವತಿಯಿಂದ ರೈಲು, ಇಳಿದ ಮೇಲೆ ಕಾಲೇಜಿರುವ ನವುಲೆಯ ಕಡೆ ಹೋಗುವ ಸಿಟಿ ಬಸ್ಸು. ಕೊನೆಯ ವರ್ಷದಲ್ಲಿ ಆಯ್ಕೆಗೆ ಬಿಟ್ಟ ವಿಷಯಗಳಲ್ಲಿ ರೊಬೊಟಿಕ್ಸ್ ಒಂದು. ಅರವತ್ತು ಜನರಲ್ಲಿ ಅದನ್ನು ತೆಗೆದುಕೊಂಡವರು ಹದಿನಾರು. ಪಾಠ ಮಾಡುತ್ತಿದ್ದ ವಿಜಯಕುಮಾರ್ ಸರ್ ರೊಬೊಟನ್ನು ಕಣ್ಣಾರೆ ಕಂಡದ್ದು ಒಂದೇ ಒಂದು ಸಲ, ಅದೂ ಗಾಜಿನ ಆಚೆಯಿಂದ. ಅದನ್ನವರು ಮುಚ್ಚಿಡಲಿಲ್ಲ. ಮೊದಲ ದಿನವೇ ಅಂಗಿಯ ತೋಳು ಮಡಿಸಿ, ಇವತ್ತಿಂದ ಇದೇ ನಿಮ್ಮ ರೊಬೊಟ್ ಎಂದು ತಮ್ಮ ಬಲಗೈ ಚಾಚಿದರು. ಭುಜ ಇಷ್ಟು ತಿರುಗಬೇಕು, ಮೊಣಕೈ ಇಷ್ಟು ತಿರುಗಬೇಕು, ಆಗ ಬೆರಳ ತುದಿ ಬೋರ್ಡಿನ ಈ ಚುಕ್ಕೆಗೆ ಬರುತ್ತದೆ. ಭುಜದಿಂದ ಮೊಣಕೈಗೆ ಎಷ್ಟು ಉದ್ದ, ಮೊಣಕೈಯಿಂದ ಬೆರಳಿಗೆ ಎಷ್ಟು ಉದ್ದ, ಈ ಎರಡು ಗೊತ್ತಿದ್ದರೆ ಮಿಕ್ಕಿದ್ದೆಲ್ಲ ಪಿಯುಸಿಯಲ್ಲಿ ಓದಿದ ತ್ರಿಕೋನಮಿತಿ. ಒಂದು ಗಂಟೆ ಹಾಗೇ ಕೈ ಚಾಚಿ ನಿಂತು, ಪಾಠ ಮುಗಿದ ಮೇಲೆ ಯಾರಿಗೂ ಕಾಣದ ಹಾಗೆ ಬಾಗಿಲ ಹೊರಗೆ ತೋಳು ಒತ್ತಿಕೊಳ್ಳುತ್ತಿದ್ದರು. ಪ್ರಿಯದರ್ಶಿನಿಗೆ ಅದು ಕಂಡಿತ್ತು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳೂ ಗೆಳತಿ ದೀಪಶ್ರೀಯೂ ಸೇರಿ ಒಂದು ಯಂತ್ರದ ಕೈ ಮಾಡುತ್ತೇವೆ ಎಂದು ಬರೆದುಕೊಟ್ಟರು. ಮೇಜಿನ ಮೇಲೆ ಅಡ್ಡಡ್ಡ ತಿರುಗುವ ಕೈ, ತುದಿಯಲ್ಲಿ ಕರೆಂಟು ಹರಿದರೆ ಮಾತ್ರ ಹಿಡಿಯುವ ಅಯಸ್ಕಾಂತ. ಹತ್ತಿರದಲ್ಲಿಟ್ಟ ಕಬ್ಬಿಣದ ಉಂಗುರವನ್ನು ಎತ್ತಿಕೊಂಡು ಹೋಗಿ ದೂರದ ಗೂಟಕ್ಕೆ ಹಾಕಬೇಕು. ಹೇಳುವುದಕ್ಕೆ ಅಷ್ಟೇ. ದೀಪಶ್ರೀ ಕೋಟೆ ಬೀದಿಯವಳು, ಬೆಸುಗೆಯ ಕಡ್ಡಿ ಅವಳ ಕೈಯಲ್ಲಿ ಪೆನ್ಸಿಲಿನಷ್ಟು ಸಲೀಸು. ಬೋರ್ಡು, ತಂತಿ, ವಿದ್ಯುತ್ತಿನ ಕೆಲಸ ಅವಳದು. ಲೆಕ್ಕ, ಪ್ರೋಗ್ರಾಂ, ಜೋಡಣೆ ಪ್ರಿಯದರ್ಶಿನಿಯದು. ಮೋಟಾರುಗಳನ್ನು ಗುಜರಿ ಅಂಗಡಿಯಲ್ಲಿ ಸಿಕ್ಕ ಹಳೇ ಪ್ರಿಂಟರುಗಳಿಂದ ಬಿಚ್ಚಿಕೊಂಡರು. ಕೈಗೆ ಮಾತ್ರ ಏನೂ ಹೊಂದಲಿಲ್ಲ. ಅಲ್ಯೂಮಿನಿಯಂ ಪಟ್ಟಿ ಬಾಗಿತು, ಕಬ್ಬಿಣದ್ದು ಭಾರವಾಯಿತು.

ಒಂದು ಭಾನುವಾರ ಅವಳು ನಡುಮನೆಯಲ್ಲಿ ಬಾಗಿದ ಪಟ್ಟಿಯನ್ನು ಹಿಡಿದು ಕೂತಿದ್ದಾಗ, ಮಡಿಸುತ್ತಿದ್ದ ಪೇಪರನ್ನು ಧರ್ಮಪ್ಪ ಪಕ್ಕಕ್ಕಿಟ್ಟರು.

"ಏನ್ ಬೇಕಿತ್ತು ಅದು?"

ಅವಳು ಚಿತ್ರ ತೋರಿಸಿದಳು. ಭುಜದಿಂದ ಮೊಣಕೈಗೆ ಮುನ್ನೂರು ಮಿಲಿಮೀಟರ್, ಮೊಣಕೈಯಿಂದ ತುದಿಗೆ ಇನ್ನೂರು. ಹಗುರವಾಗಿರಬೇಕು, ಬಾಗಬಾರದು. ಅವರು ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದುಹೋಗಿ ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದರು. ಎರಡು ವರ್ಷದಲ್ಲಿ ಮೊದಲ ಸಲ.

ಆ ವಾರ ಹಿತ್ತಿಲಲ್ಲಿ ತೋಪಡದ ಸದ್ದು. ಹಳೇ ತೇಗದ ಸುರುಳಿ ಸುರುಳಿ ಹೊಟ್ಟು ತುಳಸಿಕಟ್ಟೆಯ ತನಕ ಹಾರಿತು. ಬಂಗಾರಮ್ಮ ಗುಡಿಸುತ್ತ ಗೊಣಗಿದರು, ಆದರೆ ಗೊಣಗುವಾಗ ನಗುತ್ತಿದ್ದರು. ಗಂಡ ಎರಡು ಸಲ ಅನ್ನ ಕೇಳಿ ಬಡಿಸಿಕೊಂಡಿದ್ದರು. ಶನಿವಾರ ಸಂಜೆ ಧರ್ಮಪ್ಪ ಟವೆಲಿನಲ್ಲಿ ಸುತ್ತಿ ತಂದದ್ದನ್ನು ಮಗಳ ಮುಂದೆ ಬಿಚ್ಚಿದರು. ಎರಡು ತೋಳುಗಳು. ಒಳಗಿನ ಮರ ತೆಗೆದು ಹಗುರ ಮಾಡಿದ್ದರು. ಮೂಲೆಗಳೆಲ್ಲ ನುಣ್ಣಗೆ, ಮೇಣ ಉಜ್ಜಿ ಹೊಳಪಿಸಿದ್ದು. ಕೂದಲೆಳೆ ಆಚೀಚೆ ಆಗದ ತೂತುಗಳು. ತೋಳುಗಳ ಜೊತೆ ಆ ಉಕ್ಕಿನ ಸ್ಕೇಲನ್ನೂ ಅವಳ ಕೈಗಿಟ್ಟರು.

"ಅಳೆದು ನೋಡು. ಜೋಡಿಸೋವಾಗ ಬೇಕಾಗುತ್ತೆ, ನೀನೇ ಇಟ್ಕೋ."

ಅಂದು ಕಿತ್ತುಕೊಂಡದ್ದನ್ನು ಇಂದು ತಾವಾಗಿ ಕೊಟ್ಟಿದ್ದರು. ಅಳೆದಳು. ತೂತಿನಿಂದ ತೂತಿಗೆ ಸರಿಯಾಗಿ ಮುನ್ನೂರು, ಸರಿಯಾಗಿ ಇನ್ನೂರು.

ಮೇ ತಿಂಗಳ ಮಧ್ಯದಲ್ಲಿ ಕೈ ಜೋಡಿಸಿ ಆಯಿತು. ಪ್ರೋಗ್ರಾಂ ಓಡಿಸಿದರು. ಕೈ ಗಂಭೀರವಾಗಿ ತಿರುಗಿತು, ಉಂಗುರ ಎತ್ತಿತು, ಚಾಚಿಕೊಂಡು ಹೋಗಿ ಗೂಟದ ಪಕ್ಕಕ್ಕೆ ಬೀಳಿಸಿತು. ಇನ್ನೊಮ್ಮೆ ಓಡಿಸಿದರು. ಮತ್ತೆ ಪಕ್ಕಕ್ಕೆ. ಮೂರು ವಾರ ಹೀಗೇ ಆಯಿತು. ಮೋಟಾರು ಜಾರುತ್ತಿದೆಯೆಂದು ಬೇರೆ ಮೋಟಾರು ಹಾಕಿದರು. ಕರೆಂಟು ಸಾಲದೆಂದು ದೀಪಶ್ರೀ ಬೋರ್ಡನ್ನೇ ಹೊಸದಾಗಿ ಬೆಸೆದಳು. ಪ್ರಿಯದರ್ಶಿನಿ ಪ್ರೋಗ್ರಾಮಿನ ಸಾಲು ಸಾಲನ್ನೂ ರೈಲಿನಲ್ಲಿ ಕೂತು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದಳು. ತಪ್ಪಿರಲಿಲ್ಲ. ತೋಳುಗಳನ್ನೂ ಲ್ಯಾಬಿನಲ್ಲಿ ಎರಡು ಸಲ ಅಳೆದರು, ಅಪ್ಪ ಕೊಟ್ಟ ಸ್ಕೇಲಿನಲ್ಲಿ. ಸರಿಯಾಗಿ ಮುನ್ನೂರು, ಸರಿಯಾಗಿ ಇನ್ನೂರು.

ಹೊರಗಿನ ಪರೀಕ್ಷಕರು ಬರುವುದು ಜೂನ್ ಹನ್ನೆರಡು, ಬುಧವಾರ. ಅವರೆದುರು ಉಂಗುರ ಗೂಟಕ್ಕೆ ಬೀಳದಿದ್ದರೆ ಪ್ರಾಜೆಕ್ಟು ನಪಾಸು, ಡಿಗ್ರಿ ಇನ್ನಾರು ತಿಂಗಳು ಮುಂದಕ್ಕೆ. ಹಿಂದಿನ ಗುರುವಾರ ದೀಪಶ್ರೀಯ ತಾಳ್ಮೆ ಮುಗಿಯಿತು.

"ಮಾರಾಯ್ತಿ, ಸಾಕು. ರೆಡಿ ಮಾಡಿದ ಪ್ರಾಜೆಕ್ಟ್ ಸಿಗುತ್ತೆ, ನಮ್ಮಣ್ಣ ತಂದುಕೊಡ್ತಾನೆ. ಟ್ರಾಫಿಕ್ ಲೈಟು. ಸ್ವಿಚ್ ಒತ್ತಿದ್ರೆ ಕೆಂಪು, ಹಸಿರು ಉರಿಯುತ್ತೆ, ಮುಗೀತು."

ಕ್ಲಾಸಿನಲ್ಲಿ ಆಗಲೇ ನಾಲ್ಕು ತಂಡದವರು ಹಾಗೆ ತಂದಿದ್ದರು. ಅದೊಂದು ದೊಡ್ಡ ತಪ್ಪೆಂದು ಯಾರೂ ಅಂದುಕೊಂಡಿರಲಿಲ್ಲ. ಪ್ರಿಯದರ್ಶಿನಿಗೆ ಕಣ್ಣ ಮುಂದೆ ಬಂದದ್ದು, ಮೇಣ ಉಜ್ಜಿದ ಆ ತೋಳುಗಳನ್ನು ಟವೆಲಿನಲ್ಲಿ ಸುತ್ತಿ ಮನೆಗೆ ವಾಪಸ್ ಒಯ್ಯುವ ದೃಶ್ಯ. ಶನಿವಾರದ ತನಕ ಸಮಯ ಕೊಡು ಎಂದಳು. ದೀಪಶ್ರೀ ಸಿಟ್ಟಿನಲ್ಲೇ ಒಪ್ಪಿದಳು.

ಇದನ್ನೆಲ್ಲ ದಿನಾ ನೋಡುತ್ತಿದ್ದವರು ಲ್ಯಾಬಿನ ಅಟೆಂಡರ್ ಕರಿಯಪ್ಪ. ಬೀಗದ ಕೈಗೊಂಚಲು ಸೊಂಟಕ್ಕೆ ಸಿಕ್ಕಿಸಿ, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರುವವರು. ಮಧ್ಯಾಹ್ನ ಊಟದ ಹೊತ್ತಿಗೆ ಲ್ಯಾಬು ಮುಚ್ಚಬೇಕೆಂದು ನಿಯಮ. ಆದರೆ ಈ ಹುಡುಗಿಯರು ಊಟ ಬಿಟ್ಟು ಕೆಲಸ ಮಾಡುವುದನ್ನು ಕಂಡ ಮೇಲೆ ಅವರು ಕ್ಯಾಂಟೀನ್ ಕಟ್ಟೆಗೆ ಹೋಗುವುದನ್ನು ಬಿಟ್ಟು ಬಾಗಿಲಲ್ಲೇ ಬುತ್ತಿ ಬಿಚ್ಚುತ್ತಿದ್ದರು. ನಾಲ್ಕು ಅಕ್ಕಿ ರೊಟ್ಟಿ, ಚಟ್ನಿ. ಎರಡು ತಿಂದು, ಉಳಿದೆರಡನ್ನು ಪೇಪರಿನ ಮೇಲಿಟ್ಟು ಕಂಪ್ಯೂಟರಿನ ಪಕ್ಕಕ್ಕೆ ಸರಿಸುತ್ತಿದ್ದರು. ನನಗೆ ಹೊಟ್ಟೆ ತುಂಬ್ತು ಕಣಮ್ಮ ಎನ್ನುತ್ತಿದ್ದರು. ದಿನಾ ನಾಲ್ಕು ರೊಟ್ಟಿ ತಂದು ದಿನಾ ಎರಡಕ್ಕೇ ಹೊಟ್ಟೆ ತುಂಬುವ ಆ ಮನುಷ್ಯನ ಸುಳ್ಳನ್ನು ಇಬ್ಬರೂ ಮೂರು ವಾರ ತಿಂದಿದ್ದರು.

ಶುಕ್ರವಾರ ಉಂಗುರ ಅವತ್ತಿನ ಹದಿನೇಳನೇ ಸಲ ಪಕ್ಕಕ್ಕೆ ಬಿದ್ದಾಗ ಕರಿಯಪ್ಪ ಸ್ಟೂಲಿನಿಂದಲೇ ಮಾತಾಡಿದರು.

"ಒಂದ್ಮಾತು ಹೇಳ್ಲಾ? ಅದು ಯಾವತ್ತೂ ಗೂಟ ದಾಟಿ ಆಚೆಗೇ ಬೀಳ್ಸೋದು. ಒಂದಿನಾನೂ ಈಚೆಗೆ ಬೀಳ್ಸಿಲ್ಲ. ಕುಡುಕ ಆದ್ರೆ ಒಂದ್ಸಲ ಆಚೆ, ಒಂದ್ಸಲ ಈಚೆ ವಾಲ್ತಾನೆ. ಇದು ಕುಡಿದಿಲ್ಲ ಕಣ್ರಮ್ಮ. ಇದು ಸರಿಯಾಗೇ ನಡೀತಿದೆ, ಹೋಗೋ ಮನೆ ವಿಳಾಸ ಮಾತ್ರ ತಪ್ಪು."

ದೀಪಶ್ರೀ ಮೂರು ವಾರದಲ್ಲಿ ಮೊದಲ ಸಲ ನಕ್ಕಳು. ಪ್ರಿಯದರ್ಶಿನಿಗೆ ಮಾತ್ರ ಆ ಮಾತು ರೈಲಿನಲ್ಲೂ ಬಿಡಲಿಲ್ಲ. ಯಾವಾಗಲೂ ಆಚೆಗೇ. ಕೈ ಮಡಿಸಿದ್ದಾಗ ತಪ್ಪು ಕಡಿಮೆ, ಚಾಚಿದಾಗ ಹೆಚ್ಚು.

ಶನಿವಾರ ಇಬ್ಬರೂ ಪರೀಕ್ಷೆಯ ದಿನ ಗೋಡೆಗೆ ಅಂಟಿಸುವ ದೊಡ್ಡ ಹಾಳೆಗೆ ಚೌಕಟ್ಟು ಹಾಕುತ್ತಿದ್ದರು. ಮೇಲಿನ ಅಂಚಿನಲ್ಲಿ ಪ್ರಿಯದರ್ಶಿನಿ ಉಕ್ಕಿನ ಸ್ಕೇಲಿನಿಂದ ಐವತ್ತು ಸೆಂಟಿಮೀಟರ್ ಗುರುತು ಮಾಡಿದಳು, ಕೆಳಗಿನ ಅಂಚಿನಲ್ಲಿ ದೀಪಶ್ರೀ ತನ್ನ ಜಾಮಿಟ್ರಿ ಬಾಕ್ಸಿನ ಪ್ಲಾಸ್ಟಿಕ್ ಸ್ಕೇಲಿನಿಂದ. ಎರಡು ಗುರುತು ಸೇರಿಸಿ ಗೆರೆ ಎಳೆದರೆ ಗೆರೆ ಓರೆ. ನೆಟ್ಟಗೆ ಅಳೆಯೋಕೂ ಬರಲ್ವೇನೇ ಎಂದು ದೀಪಶ್ರೀ ಬೈದಳು. ನೀನೇ ಸರಿಯಾಗಿ ಅಳೆ ಎಂದು ಇವಳೂ ಅಂದಳು. ಇಬ್ಬರೂ ಮತ್ತೆ ಅಳೆದರು. ಮತ್ತೆ ಓರೆ. ಆಗ ದೀಪಶ್ರೀ ಸುಮ್ಮನೆ ಎರಡು ಸ್ಕೇಲನ್ನೂ ಪಕ್ಕಪಕ್ಕ ಇಟ್ಟಳು.

ಸೊನ್ನೆಗೆ ಸೊನ್ನೆ ಸೇರಿತ್ತು. ಪ್ಲಾಸ್ಟಿಕ್ಕಿನ ಹದಿನೈದರ ಹತ್ತಿರ ಉಕ್ಕಿನ ಹದಿನೈದು ಇರಲಿಲ್ಲ. ಅದು ಮೂರು ಗೆರೆ ಆಚೆಗಿತ್ತು.

ಪ್ರಿಯದರ್ಶಿನಿ ಉಕ್ಕಿನ ಸ್ಕೇಲನ್ನು ಮಗುಚಿ, ಬೆನ್ನ ಮೇಲಿನ ಹಳೇ ಮೇಣವನ್ನು ಉಗುರಿನಿಂದ ಕೆರೆದಳು. ಅಡಿಯಲ್ಲಿ ಒತ್ತಿದ ಅಕ್ಷರ ಕಂಡಿತು. ಶೇಕಡಾ ಎರಡು. ಕರಗಿದ ಉಕ್ಕು ಆರುವಾಗ ಕುಗ್ಗುತ್ತದೆ, ನೂರಕ್ಕೆ ಎರಡರಷ್ಟು. ಆದ್ದರಿಂದ ಮರವನ್ನು ಅಷ್ಟು ದೊಡ್ಡದಾಗಿ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ಬದಲು ಪ್ಯಾಟರ್ನಿನವರು ಸ್ಕೇಲನ್ನೇ ಅಷ್ಟು ಉದ್ದ ಮಾಡಿಟ್ಟುಕೊಳ್ಳುತ್ತಾರೆ. ಇದು ನಿನ್ನ ಲೆಕ್ಕಕ್ಕೆ ಬರೋದಲ್ಲ ಪುಟ್ಟಿ. ಅಪ್ಪ ಅಂದು ಹೇಳಿದ್ದು ಇದನ್ನೇ.

ಅಪ್ಪ ಬಳಸುತ್ತಿದ್ದ ಸಾದಾ ಸ್ಕೇಲು ಕಾರ್ಖಾನೆಯದು, ನಿವೃತ್ತಿಯ ದಿನ ಸ್ಟೋರಿಗೆ ಒಪ್ಪಿಸಿ ಬಂದಿದ್ದರು. ಪೆಟ್ಟಿಗೆಯಲ್ಲಿ ಉಳಿದದ್ದು ಇದೊಂದೇ, ಅವರ ಸ್ವಂತದ್ದು. ಎರಡು ವರ್ಷದ ಮೇಲೆ ಕೆಲಸ ಸಿಕ್ಕ ಖುಷಿಯಲ್ಲಿ ಕೈ ತನಗೆ ಅಭ್ಯಾಸವಾದದ್ದನ್ನು ಎತ್ತಿಕೊಂಡಿತ್ತು. ಮುನ್ನೂರು ಮಿಲಿಮೀಟರ್ ಮುನ್ನೂರಾರು ಆಗಿತ್ತು. ಇನ್ನೂರು ಇನ್ನೂರನಾಲ್ಕು.

"ಸದ್ಯ, ಗೊತ್ತಾಯ್ತಲ್ಲ," ಎಂದಳು ದೀಪಶ್ರೀ. "ಇವತ್ತೇ ಮನೆಗೆ ತಗೊಂಡ್ಹೋಗು. ನಿಮ್ಮಪ್ಪಾಜಿ ಬೇರೆ ತೂತು ಕೊರೆದುಕೊಡ್ಲಿ."

ಪ್ರಿಯದರ್ಶಿನಿ ತೋಳುಗಳನ್ನು ನೋಡಿದಳು. ಬೇರೆ ತೂತು ಕೊರೆಯಬಹುದು. ಆದರೆ ಅಪ್ಪನ ಮುಂದೆ ಇವನ್ನಿಟ್ಟು ಅಳತೆ ತಪ್ಪಿದೆ ಎನ್ನಬೇಕು. ಮೂವತ್ತೊಂದು ವರ್ಷದಲ್ಲಿ ವಾಪಸ್ ಬಂದ ಮೊದಲನೆಯದನ್ನು ಮಗಳೇ ಹೊತ್ತು ತಂದಳು ಎಂದಾಗುತ್ತದೆ. ಅವರು ಏನೂ ಅನ್ನುವುದಿಲ್ಲ. ಕೊರೆದುಕೊಡುತ್ತಾರೆ. ಆಮೇಲೆ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳುತ್ತಾರೆ, ಇನ್ನು ತೆಗೆಯುವುದಿಲ್ಲ.

ಅವಳು ಕಂಪ್ಯೂಟರಿನ ಮುಂದೆ ಕೂತಳು. ಪ್ರೋಗ್ರಾಮಿನ ಮೇಲ್ಭಾಗದಲ್ಲಿ ಎರಡು ಸಾಲು. ಮುನ್ನೂರನ್ನು ಅಳಿಸಿ ಮುನ್ನೂರಾರು ಎಂದಳು, ಇನ್ನೂರನ್ನು ಅಳಿಸಿ ಇನ್ನೂರನಾಲ್ಕು. ಓಡಿಸಿದಳು. ಕೈ ತಿರುಗಿತು, ಉಂಗುರ ಎತ್ತಿತು, ಚಾಚಿತು, ನಿಂತಿತು. ಠಣ್ ಎಂದು ಗೂಟಕ್ಕೆ ಬಿತ್ತು.

ದೀಪಶ್ರೀ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕರಿಯಪ್ಪ ಎದ್ದುಬಂದು ಗೂಟದ ಉಂಗುರವನ್ನು ಬೆರಳಿನಿಂದ ಮುಟ್ಟಿ ನೋಡಿ, ಈಗ ಅದಕ್ಕೆ ತನ್ನ ಕೈ ಎಷ್ಟುದ್ದ ಅಂತ ತಿಳೀತು ಎಂದರು.

ನಮ್ಮ ಮನೆಯಲ್ಲಿ ಹೇಳಬೇಡ ಎಂದು ಪ್ರಿಯದರ್ಶಿನಿ ಗೆಳತಿಯನ್ನು ಕೇಳಿಕೊಂಡಳು. ಅದಕ್ಕೆ ದೀಪಶ್ರೀ, ಮನೆಗಲ್ಲ, ಪರೀಕ್ಷಕರಿಗೆ ಏನು ಹೇಳ್ತೀಯ, ಬೈಂಡಾಗಿ ಬಂದ ರಿಪೋರ್ಟಿನಲ್ಲಿ ಮುನ್ನೂರು ಅಂತಾನೇ ಪ್ರಿಂಟಾಗಿದೆ ಎಂದಳು. ಕೊನೆಗೆ ಇಬ್ಬರೂ ಕೂತು ಮೂರೂ ಪ್ರತಿಗಳಲ್ಲಿ ಅದನ್ನು ಪೆನ್ನಿನಿಂದ ತಿದ್ದಿದರು. ಆ ಸಂಜೆ ಧರ್ಮಪ್ಪ ಎಂದಿನಂತೆ, ಏನಾಯ್ತು ಎಂದು ಕೇಳಿದಾಗ, ಪ್ರೋಗ್ರಾಮಿನಲ್ಲಿ ಎರಡು ನಂಬರ್ ತಪ್ಪಿತ್ತು ಅಪ್ಪಾಜಿ, ಸರಿ ಮಾಡಿದ್ವಿ ಎಂದಳು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹಾಗಾದ್ರೆ ಬುಧವಾರ ನಾನೂ ಬರ್ತೀನಿ ಎಂದುಬಿಟ್ಟರು ಅವರು. ಮಂಗಳವಾರ ಸಂಜೆ ತಮ್ಮ ಬಿಳಿ ಅಂಗಿಯನ್ನು ತಾವೇ ಇಸ್ತ್ರಿ ಮಾಡಿಕೊಂಡರು.

ಬುಧವಾರ ಬೆಳಗ್ಗೆ ಒಂಬತ್ತೂವರೆಗೆ ಕರೆಂಟು ಹೋಯಿತು. ಪರೀಕ್ಷಕರು ಬಂದರು, ಕರೆಂಟು ಬರಲಿಲ್ಲ. ಹುಡುಗರು ಕಾರಿಡಾರಿನಲ್ಲಿ ಸಾಲಾಗಿ ಕೂತರು. ಹನ್ನೊಂದಕ್ಕೇ ಕರಿಯಪ್ಪ ಬುತ್ತಿ ಬಿಚ್ಚಿ, ನಾಲ್ಕೂ ರೊಟ್ಟಿಯನ್ನು ಇವರಿಬ್ಬರ ಮುಂದಿಟ್ಟು, ನನಗೆ ಹೊಟ್ಟೆ ತುಂಬ್ತು ಎಂದರು. ಅವತ್ತು ಅವರು ಒಂದನ್ನೂ ತಿಂದಿರಲಿಲ್ಲ. ಪರೀಕ್ಷೆ ಮುಗಿಯುವ ತನಕ ಬಾಗಿಲು ಬಿಟ್ಟು ಹೋಗುವ ಹಾಗೂ ಇರಲಿಲ್ಲ. ಸ್ವಲ್ಪ ದೂರದಲ್ಲಿ ಧರ್ಮಪ್ಪ ಮೂರು ಡಬ್ಬಿಯ ಕ್ಯಾರಿಯರನ್ನು ಕಾಲ ಬಳಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು. ಬಂಗಾರಮ್ಮ ಬೆಳಗಿನ ಜಾವ ಎದ್ದು ಮಾಡಿ ಕಳಿಸಿದ್ದ ಊಟ. ಕೆಲಸ ಮುಗಿದ ಮೇಲೆ ಎಲ್ಲರೂ ತಿನ್ನೋಣ ಎಂದು ಹಾಗೇ ಇಟ್ಟಿದ್ದರು. ಅವರ ಕಣ್ಣು ಮಾತ್ರ ಒಂದು ಸಲ ರೊಟ್ಟಿಯ ಕಡೆ, ಒಂದು ಸಲ ಕರಿಯಪ್ಪನ ಕಡೆ ಹೋಗಿ ಬಂದಿತ್ತು.

ಎರಡು ಗಂಟೆಗೆ ಕರೆಂಟು ಬಂತು. ಇವರ ಸರದಿ ಬಂದಾಗ ಮೂರು ದಾಟಿತ್ತು.

ಪರೀಕ್ಷಕರ ಹೆಸರು ಶಂಕರನಾರಾಯಣ. ಬೇರೆ ಊರಿನ ಕಾಲೇಜಿನವರು, ತೆಳ್ಳಗಿನ ವಯಸ್ಸಾದ ಮನುಷ್ಯ, ರಿಪೋರ್ಟಿನ ಪ್ರತಿ ಸಾಲಿನ ಕೆಳಗೂ ಪೆನ್ನಿನ ಹಿಂಬದಿಯನ್ನು ಎಳೆಯುತ್ತ ಓದುವವರು. ಮೊದಲು ಕೈಯನ್ನು ಓಡಿಸಿ ನೋಡೋಣ ಎಂದರು. ಕೈ ತಿರುಗಿತು. ಉಂಗುರ ಗೂಟದ ತಲೆಯ ಮೇಲೆ ಒಂದು ಕ್ಷಣ ಹೋಗಲೋ ಬೇಡವೋ ಎನ್ನುವಂತೆ ನಿಂತು, ಕೆಳಗಿಳಿಯಿತು. ವಿಜಯಕುಮಾರ್ ಸರ್ ಗೋಡೆಗೆ ಒರಗಿ ಉಸಿರು ಬಿಟ್ಟರು. ಶಂಕರನಾರಾಯಣರ ಮುಖದಲ್ಲಿ ಏನೂ ಕಾಣಲಿಲ್ಲ. ಪೆನ್ನಿನ ಹಿಂಬದಿ ಒಂದು ಸಾಲಿನ ಕೆಳಗೆ ನಿಂತಿತ್ತು.

"ಇಲ್ಲಿ ಮುನ್ನೂರು ಅಂತ ಪ್ರಿಂಟ್ ಆಗಿದೆ. ಕೈಯಲ್ಲಿ ಮುನ್ನೂರಾರು ಅಂತ ತಿದ್ದಿದೀರಿ. ಇನ್ನೂರಕ್ಕೆ ಇನ್ನೂರನಾಲ್ಕು. ಯಾರಾದ್ರೂ ಬೇಕು ಅಂತ ಮುನ್ನೂರಾರು ಮಾಡ್ತಾರಾ?"

ಪ್ರಿಯದರ್ಶಿನಿ ಬಾಗಿಲ ಕಡೆ ನೋಡಿದಳು. ಧರ್ಮಪ್ಪ ಅಲ್ಲಿ ನಿಂತಿದ್ದರು. ಮುನ್ನೂರಕ್ಕೆ ಮುನ್ನೂರಾರು, ಇನ್ನೂರಕ್ಕೆ ಇನ್ನೂರನಾಲ್ಕು ಎಂಬುದು ಅವರಿಗೆ ಮಗ್ಗಿಯಷ್ಟು ಬಾಯಿಪಾಠ. ಆ ಎರಡು ಸಂಖ್ಯೆ ಕಿವಿಗೆ ಬಿದ್ದದ್ದೇ ಅವರಿಗೆ ಎಲ್ಲ ತಿಳಿದುಹೋಗಿತ್ತು. ಮುಖದ ಬಣ್ಣ ಇಳಿದಿತ್ತು.

ಪ್ರಿಂಟಿಂಗ್ ತಪ್ಪು ಸರ್ ಎಂದುಬಿಡಬಹುದಿತ್ತು. ದೀಪಶ್ರೀ ಮೇಜಿನ ಕೆಳಗೆ ಅವಳ ಕಾಲನ್ನು ತುಳಿದು ಅದನ್ನೇ ಸೂಚಿಸಿದಳು. ಆದರೆ ಹಾಗೆಂದರೆ ಬಾಗಿಲಲ್ಲಿ ನಿಂತವರು ಮುಚ್ಚಿಡಬೇಕಾದ ತಪ್ಪೊಂದನ್ನು ಮಾಡಿದವರಾಗಿ ಉಳಿದುಬಿಡುತ್ತಾರೆ ಎಂದು ಅವಳಿಗನ್ನಿಸಿತು. ಡ್ರಾಯರಿನಿಂದ ಉಕ್ಕಿನ ಸ್ಕೇಲನ್ನು ತೆಗೆದು ಪರೀಕ್ಷಕರ ಮುಂದಿಟ್ಟಳು.

"ಸರ್, ಇದು ಎರಕದವರ ಸ್ಕೇಲು. ಉಕ್ಕು ಆರುವಾಗ ಕುಗ್ಗೋದನ್ನ ಇದರಲ್ಲೇ ಸೇರಿಸಿರ್ತಾರೆ. ನಮ್ಮ ತಂದೆ ಕಾರ್ಖಾನೇಲಿ ಪ್ಯಾಟರ್ನ್ ಮಾಡ್ತಿದ್ರು. ಈ ತೋಳು ಅವರು ಮಾಡಿದ್ದು, ಈ ಸ್ಕೇಲಿಗೆ ಕೂದಲೆಳೆ ತಪ್ಪಿಲ್ಲ. ನಾವು ಏನನ್ನ ಅಳೀತಿದೀವಿ ಅಂತ ನೋಡಿದ್ವಿ, ಯಾವುದರಿಂದ ಅಳೀತಿದೀವಿ ಅಂತ ನೋಡ್ಲಿಲ್ಲ. ಮೂರು ವಾರ ಹೋಯ್ತು. ಮರ ಕೆಡಿಸೋದು ಬೇಡ ಅಂತ ಪ್ರೋಗ್ರಾಂ ತಿದ್ದಿದ್ವಿ."

ಶಂಕರನಾರಾಯಣ ಸ್ಕೇಲನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದರು. ತೋಳಿನ ಮೇಲೆ ಬೆರಳಾಡಿಸಿದರು. ಬಾಗಿಲಲ್ಲಿ ನಿಂತವರನ್ನು ಕಂಡು, ನೀವೇನಾ ಎಂದು ಕೇಳಿದರು. ಧರ್ಮಪ್ಪ ಹೊಸ್ತಿಲ ಒಳಗೆ ಒಂದು ಹೆಜ್ಜೆ ಇಟ್ಟರು.

"ಹೌದು ಸರ್. ತಪ್ಪು ಸ್ಕೇಲ್ ಎತ್ಕೊಂಡಿದ್ದು ನಾನೇ." ಆಮೇಲೆ ನೆಟ್ಟಗಾಗಿ ಹೇಳಿದರು. "ಆದ್ರೆ ಇದನ್ನೇ ಮರಳಲ್ಲಿ ಒತ್ತಿ ಉಕ್ಕು ಹೊಯ್ದರೆ, ಆರಿದ ಮೇಲೆ ಸರಿಯಾಗಿ ಮುನ್ನೂರು ಬರುತ್ತೆ."

ಪರೀಕ್ಷಕರ ತುಟಿ ಮೊದಲ ಸಲ ಅಲುಗಿತು. ಹಾಗಿದ್ರೆ ಉಕ್ಕಿಂದು ಮಾಡಿದಾಗ ನನಗೂ ಹೇಳಿಕಳಿಸಿ ಎಂದರು. ಈ ಸ್ಕೇಲಿನ ವಿಷಯವನ್ನು ರಿಪೋರ್ಟಿನಲ್ಲಿ ಒಂದು ಪುಟ ಬರೆದು ಸೇರಿಸಬೇಕು, ಮುಂದಿನವರಿಗೆ ಪ್ರೋಗ್ರಾಮಿಗಿಂತ ಅದೇ ಉಪಯೋಗಕ್ಕೆ ಬರುತ್ತೆ ಎಂದು ಹೇಳಿ ಸಹಿ ಹಾಕಿದರು. ಎಷ್ಟು ಅಂಕ ಕೊಟ್ಟರೆಂಬುದು ತಿಂಗಳ ನಂತರ ತಿಳಿಯುವ ವಿಷಯ. ಆದರೆ ಸಹಿ ಹಾಕಿದ ಮೇಲೂ ಅವರು ಕೈಯನ್ನು ಇನ್ನೂ ಮೂರು ಸಲ ಓಡಿಸಿದರು. ಮೂರನೆಯ ಸಲ ಗುಂಡಿಯನ್ನು ತಾವೇ ಒತ್ತಿದರು.

ಹೊರಗೆ ಕಾರಿಡಾರಿಗೆ ಬಂದ ಮೇಲೆ ಧರ್ಮಪ್ಪ ಮಗಳನ್ನು ಕೇಳಿದರು.

"ಯಾವತ್ತು ಗೊತ್ತಾಯ್ತು?"

"ಶನಿವಾರ."

"ಹೇಳ್ಲಿಲ್ಲ ನೀನು."

"ನಂಬರ್ ಬದಲಾಯಿಸೋದು ಸುಲಭ ಇತ್ತು ಅಪ್ಪಾಜಿ."

ಧರ್ಮಪ್ಪ ಕಿಟಕಿಯ ಆಚೆ ನೋಡಿದರು. "ಮೂವತ್ತೊಂದು ವರ್ಷ. ಒಂದೂ ವಾಪಸ್ ಬಂದಿರ್ಲಿಲ್ಲ."

"ಇದೂ ಬರ್ಲಿಲ್ಲವಲ್ಲ," ಎಂದಳು ಅವಳು.

ಮಡಚಿಕೊಂಡಂತಿದ್ದ ಅವರ ಹೆಗಲು ಮೆಲ್ಲನೆ ಸಡಿಲವಾಯಿತು. ಅಷ್ಟರಲ್ಲಿ ವಿಜಯಕುಮಾರ್ ಸರ್ ಹೊರಗೆ ಬಂದು, ಮುಂದಿನ ವರ್ಷದ ಮಕ್ಕಳಿಗೆ ಪಾಠ ಮಾಡಲು ಇಂಥದ್ದೇ ಒಂದು ಕೈ ಬೇಕಿತ್ತು, ತಮ್ಮ ತೋಳು ಈಗೀಗ ಬಹಳ ನೋಯುತ್ತದೆ ಎಂದರು. ಧರ್ಮಪ್ಪ ಕೂಡಲೇ ಹೂಂ ಎನ್ನಲಿಲ್ಲ. ಮನೇಲಿ ಇನ್ನೂ ಸ್ವಲ್ಪ ತೇಗ ಇದೆ, ನೋಡ್ತೀನಿ ಎಂದರು. ದೀಪಶ್ರೀ ಒಳಗೆ ಹೋಗಿ ತನ್ನ ಜಾಮಿಟ್ರಿ ಬಾಕ್ಸಿನ ಪ್ಲಾಸ್ಟಿಕ್ ಸ್ಕೇಲನ್ನು ತಂದು, ತುಟಿ ಕಚ್ಚಿ ನಗು ತಡೆಯುತ್ತ, ಅವರ ಅಂಗಿಯ ಜೇಬಿಗೆ ಸಿಕ್ಕಿಸಿದಳು. ಜೇಬು ಚಿಕ್ಕದು, ಅರ್ಧ ಹೊರಗೇ ಉಳಿಯಿತು. ಧರ್ಮಪ್ಪ ಅದನ್ನು ತೆಗೆಯಲಿಲ್ಲ.

ಹಾಗೇ ಅವರು ಬೆಂಚಿನ ಹತ್ತಿರ ಹೋಗಿ ಕ್ಯಾರಿಯರ್ ಎತ್ತಿಕೊಂಡರು. ಪ್ರಿಯದರ್ಶಿನಿ ಕೈ ತೊಳೆಯಲು ಹೊರಟವಳು ತಿರುಗಿ ನೋಡಿದಳು. ಅಪ್ಪ ತನ್ನ ಕಡೆ ಬರುತ್ತಿರಲಿಲ್ಲ. ಲ್ಯಾಬಿನ ಬಾಗಿಲ ಕಡೆ ಹೋಗುತ್ತಿದ್ದರು. ಅಲ್ಲಿ ಸ್ಟೂಲಿನ ಮೇಲೆ ಕರಿಯಪ್ಪ ಗೋಡೆಗೆ ತಲೆ ಆನಿಸಿ ಕೂತಿದ್ದರು, ಖಾಲಿ ಬುತ್ತಿ ಕಾಲ ಕೆಳಗಿತ್ತು. ಗಂಟೆ ನಾಲ್ಕಾಗುತ್ತ ಬಂದಿತ್ತು. ಧರ್ಮಪ್ಪ ಕ್ಯಾರಿಯರಿನ ಕೊಂಡಿ ಬಿಚ್ಚಿ, ಮೇಲಿನ ದೊಡ್ಡ ಡಬ್ಬಿಯನ್ನು ಹೊರತೆಗೆದರು. ಹೆಗಲ ಟವೆಲಿನಿಂದ ಅದರ ಅಂಚನ್ನು ಒಂದು ಸುತ್ತು ಒರೆಸಿ, ಕರಿಯಪ್ಪನವರ ಮುಂದೆ ಹಿಡಿದರು.

ಕರಿಯಪ್ಪ ತಲೆಯೆತ್ತಿದರು. ನನಗೆ ಹೊಟ್ಟೆ ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಎದ್ದು ನಿಂತು, ಎರಡೂ ಕೈ ಚಾಚಿ ಡಬ್ಬಿಯನ್ನು ತೆಗೆದುಕೊಂಡರು.